ಬರೀ ದ್ರಾಕ್ಷಿ

ಬಿರಡೆ ಅರ್ಧಕ್ಕೆ ಮುರಿದು ಬಾಟಲಿಯ ಕುತ್ತಿಗೆಯಲ್ಲೇ ಉಳಿಯಿತು. ಆಸ್ಟಿನ್ ಸ್ಕ್ರೂಡ್ರೈವರಿನಿಂದ ಅದನ್ನು ಕೆದಕತೊಡಗಿದಾಗ ಇಮೆಲ್ಡಾ ಅವನ ಕೈಯಿಂದ ಬಾಟಲಿ ಕಿತ್ತುಕೊಂಡಳು.

"ಪೈಪು ಬಿಚ್ಚುವ ಹಾಗೆ ಮಾಡಬೇಡ ಮಾರಾಯ. ಚೂರೆಲ್ಲ ಒಳಗೆ ಬೀಳ್ತದೆ."

"ಬಿದ್ದರೆ ಸೋಸುವ. ಮಮ್ಮಿ, ಚಾ ಸೋಸುವುದು ಎಲ್ಲುಂಟು?"

ಕಾನ್ಸೆಪ್ಟಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಚಾ ಸೋಸುವುದರಲ್ಲಿ ಬೇಡ, ವಾಸನೆ ಹಿಡಿಯುತ್ತದೆ ಎಂದು ಹೇಳಿ ಕಪಾಟಿನಿಂದ ತೊಳೆದಿಟ್ಟ ಬಿಳಿ ಬಟ್ಟೆ ತೆಗೆದುಕೊಟ್ಟಳು. ಕೊಟ್ಟ ಮೇಲೆ, ಯಾಕೆ ಕೊಟ್ಟೆ ಎಂದು ತನ್ನ ಕೈಯನ್ನೇ ನೋಡಿಕೊಂಡಳು.

ಹಾಲಿನಲ್ಲಿ ಬಾಡಿಗೆಗೆ ತಂದ ಫ್ರೀಝರ್ ಪೆಟ್ಟಿಗೆ ಒಂದೇ ಸಮನೆ ಗುಂಯ್ಗುಡುತ್ತಿತ್ತು. ಅದರೊಳಗೆ ಅವಳ ಗಂಡ ಕಜೆಟನ್ ಮದುವೆ ಮನೆಗಳಿಗೆ ಹೋಗುವಾಗ ಹಾಕುತ್ತಿದ್ದ ಕೋಟು ಹಾಕಿಕೊಂಡು ಮಲಗಿದ್ದ. ನಿನ್ನೆ ಮಧ್ಯಾಹ್ನ ಗಂಜಿಯ ಎರಡನೇ ಚಮಚ ಬಾಯಲ್ಲಿರುವಾಗಲೇ ಅವನ ಉಸಿರು ನಿಂತಿತ್ತು. ಎಪ್ಪತ್ತಾರು ವರ್ಷ. ಅದರಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಹೂಡೆಯ ಈ ಮನೆಯಿಂದ ಸೈಕಲ್ಲಿನಲ್ಲಿ ಇಗರ್ಜಿಗೆ ಹೋಗಿ ಮಿರ್ನೆಲ್ ಕೆಲಸ ಮಾಡಿದ್ದ. ಬಾಗಿಲು ತೆರೆಯುವುದು, ಗಂಟೆ ಹೊಡೆಯುವುದು, ಮೇಣದ ಬತ್ತಿ ಹಚ್ಚುವುದು, ಬಲಿಪೂಜೆಗೆ ಬೇಕಾದ ವೈನನ್ನು ಸಣ್ಣ ಗಾಜಿನ ಹೂಜಿಗೆ ತುಂಬಿಸಿ ಇಡುವುದು. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಕೆಲಸವೂ ಹೇಳಿಕೊಳ್ಳುವಂಥದ್ದಲ್ಲ. ಕ್ರಿಸ್ಮಸ್ ರಾತ್ರಿ ಗಂಟೆ ತಡವಾಗಿ ಹೊಡೆದರೆ ಮಾತ್ರ ಜನರಿಗೆ ಅವನ ನೆನಪಾಗುತ್ತಿತ್ತು.

ಅಷ್ಟು ವರ್ಷ ಬೇರೆಯವರು ಮಾಡಿದ ವೈನನ್ನು ಹೂಜಿಗೆ ಸುರಿದವನಿಗೆ ಒಂದೇ ಒಂದು ಆಸೆ ಇತ್ತು. ತಾನು ಮಾಡಿದ್ದು ಒಂದು ಸಲ ಆ ಹೂಜಿಯಲ್ಲಿ ಇರಬೇಕು. ಅದು ಸುಲಭವಿರಲಿಲ್ಲ. ಈ ಕಡೆಯ ಕ್ರಿಸ್ತುವರ ಮನೆಗಳಲ್ಲೆಲ್ಲ ವೈನ್ ಮಾಡುತ್ತಾರೆ. ಕಪ್ಪು ದ್ರಾಕ್ಷಿ, ಅದರಷ್ಟೇ ಸಕ್ಕರೆ, ಒಂದು ಮುಷ್ಟಿ ಗೋಧಿ, ಈಸ್ಟ್, ನೀರು. ಕೇಕಿನ ಜೊತೆ ಕುಡಿಯಲು ಅದು ಸಾಕು, ಬಲಿಪೀಠಕ್ಕೆ ಸಲ್ಲುವುದಿಲ್ಲ. ಅಲ್ಲಿಗೆ ಬೇಕಾದದ್ದು ದ್ರಾಕ್ಷಿಯೊಂದೇ ಹುಳಿತು ಆದ ವೈನ್. ಸಕ್ಕರೆ ಇಲ್ಲದೆ ಮಾಡಲು ಹೋದ ವರ್ಷಗಳಲ್ಲೆಲ್ಲ ಕಜೆಟನಿಗೆ ಸಿಕ್ಕಿದ್ದು ವಿನೆಗರ್. ಕಾನ್ಸೆಪ್ಟಾ ಅದನ್ನು ಹಂದಿ ಮಾಂಸಕ್ಕೆ ಹಾಕಿ ಮುಗಿಸುತ್ತಿದ್ದಳು.

2020ರದ್ದು ಮಾತ್ರ ಹಾಗಾಗಲಿಲ್ಲ. ಆಸ್ಟಿನ್ ಈಗ ಬಟ್ಟೆಯ ಮೇಲೆ ಸುರಿಯುತ್ತಿದ್ದದ್ದು ಅದನ್ನೇ. ಕಳೆದ ತಿಂಗಳು ಫಾದರ್ ರಾಯ್‌ಸ್ಟನ್ ಹಾಸಿಗೆ ಹಿಡಿದವನಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಲು ಬಂದಾಗ ಕಜೆಟನ್ ಅವರ ಕೈ ಹಿಡಿದು ಕೇಳಿದ್ದ: ನನ್ನ ಕೊನೆಯ ಪೂಜೆಗೆ ನನ್ನ ವೈನ್ ಇಡಿ, ಅದರಲ್ಲಿ ದ್ರಾಕ್ಷಿ ಬಿಟ್ಟು ಬೇರೇನೂ ಇಲ್ಲ. ಫಾದರ್ ನೋಡುವ ಎಂದಿದ್ದರು. ಇವತ್ತು ಬೆಳಿಗ್ಗೆ ಫೋನ್ ಮಾಡಿ, ಹತ್ತು ಗಂಟೆಗೆ ಮನೆಗೆ ಬರುತ್ತೇನೆ, ವೈನ್ ತೆಗೆದಿಡಿ ಎಂದು ಹೇಳಿದ್ದರು.

ಬಟ್ಟೆಯಿಂದ ಹನಿ ಹನಿಯಾಗಿ ಇಳಿದದ್ದು ಗಾಜಿನ ಲೋಟದಲ್ಲಿ ಕಪ್ಪಾಗಿ ಕಂಡಿತು. ಇಮೆಲ್ಡಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅಂಚು ಹಳೆಯ ಹೆಂಚಿನ ಬಣ್ಣಕ್ಕೆ ತಿರುಗಿತು. ಅವಳು ಕಜೆಟನನ ತಂಗಿ, ಕಾರ್ಕಳದಿಂದ ಮೊದಲ ಬಸ್ಸಿಗೆ ಬಂದಿದ್ದಳು.

"ಅಣ್ಣನ ನಸೀಬು ನೋಡಿ ಅತ್ತಿಗೆ. ಬದುಕಿರುವಾಗ ಯಾರೂ ಕುಡಿಯಲಿಲ್ಲ. ಈಗ ನೇರ ಆಲ್ತಾರಿಗೆ."

ಕಾನ್ಸೆಪ್ಟಾ ಬಟ್ಟೆಗೆ ಅಂಟಿದ ಬಿರಡೆಯ ಚೂರುಗಳನ್ನು ಕೊಡವಿದಳು. ಆ ವೈನಿನಲ್ಲಿ ಸಕ್ಕರೆ ಇತ್ತು. ಹಾಕಿದವಳು ಅವಳೇ. ಅದು ಅವಳೊಬ್ಬಳಿಗೇ ಗೊತ್ತಿತ್ತು.

*

ಆ ವರ್ಷ ಕೆಟ್ಟದಾಗಿಯೇ ಶುರುವಾಗಿತ್ತು.

ದ್ರಾಕ್ಷಿ ಬರುತ್ತಿದ್ದದ್ದು ವಿಜಯಪುರದ ಕಡೆಯ ಒಂದು ಹಳ್ಳಿಯಿಂದ. ಕಜೆಟನ್ ಆ ಊರನ್ನು ಒಮ್ಮೆಯೂ ನೋಡಿದವನಲ್ಲ. ಅಲ್ಲಿಂದ ಬಂದು ಪರ್ಕಳದ ಬಾಡಿಗೆ ಕೋಣೆಯಲ್ಲಿದ್ದ ಮಲಕಪ್ಪ ಇಗರ್ಜಿಯ ಕಂಪೌಂಡ್ ಕಟ್ಟುವ ಕೆಲಸಕ್ಕೆ ಬಂದಾಗ ಪರಿಚಯವಾಗಿತ್ತು. ಮಲಕಪ್ಪನ ಅಣ್ಣ ಮಲ್ಲಿನಾಥ ಯಾವುದೋ ವೈನ್ ಕಂಪನಿಯ ಮಾತು ನಂಬಿ ಕಪ್ಪು ದ್ರಾಕ್ಷಿ ಹಾಕಿದ್ದ. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಳಗೆ ಬೀಜ. ತಿನ್ನುವವರಿಗೆ ಬೇಡದ್ದು, ಒಣಗಿಸುವವರಿಗೂ ಬೇಡದ್ದು. ಕಂಪನಿಯವರು ಬರುವುದನ್ನು ನಿಲ್ಲಿಸಿದ ಮೇಲೆ ಊರಿನವರೆಲ್ಲ ಆ ಬಳ್ಳಿ ಕಿತ್ತು ಬೇರೆ ಹಾಕಿದರು. ಮಲ್ಲಿನಾಥ ಬಾವಿಯ ಬದಿಯ ನಾಲ್ಕು ಸಾಲು ಹಾಗೇ ಬಿಟ್ಟ. ಕೇಳಿದರೆ, ಕೀಳಾಕ ಪುರಸೊತ್ತಾಗಲಿಲ್ಲ ಎನ್ನುತ್ತಿದ್ದ. ಆ ನಾಲ್ಕು ಸಾಲಿನ ಹಣ್ಣು ಪ್ರತಿ ವರ್ಷ ಬಸ್ಸಿನ ಟಾಪಿನಲ್ಲಿ ಉಡುಪಿಗೆ ಬರುತ್ತಿತ್ತು.

ಮಳೆ ಮುಗಿದ ಮೇಲೆ ಬಳ್ಳಿಯನ್ನು ಕತ್ತರಿಸಬೇಕು. ಅದಕ್ಕೆ ಅವರು ಚಾಟ್ನಿ ಎನ್ನುತ್ತಾರೆ. ಕತ್ತರಿಸಿದಲ್ಲಿ ಚಿಗುರಿ, ಹೂವಾಗಿ, ನಾಲ್ಕೂವರೆ ತಿಂಗಳಿಗೆ ಹಣ್ಣು. 2019ರ ಅಕ್ಟೋಬರಿನಲ್ಲಿ ಚಾಟ್ನಿಯ ಹೊತ್ತಿಗೆ ಮಳೆ ಬಿಡಲೇ ಇಲ್ಲ. ಬೇಗ ಕತ್ತರಿಸಿದವರ ತೋಟಗಳಲ್ಲಿ ಎಲೆಗೆ ಬೂಜು ಹಿಡಿದು ಹೂಗೊಂಚಲು ಕರಗಿಹೋಯಿತು. ಮಲ್ಲಿನಾಥ ನವೆಂಬರ್ ಕೊನೆಯ ತನಕ ಕತ್ತರಿಸಲಿಲ್ಲ. ಬುದ್ಧಿವಂತಿಕೆ ಏನಲ್ಲ, ಆಳು ಸಿಗಲಿಲ್ಲ. ಆಮೇಲೆ ಕಜೆಟನ್ ಈ ಕತೆ ಹೇಳುವಾಗ ಮಾತ್ರ ಅದು ಮಲ್ಲಿನಾಥನ ತಾಳ್ಮೆಯಾಗುತ್ತಿತ್ತು.

ಡಿಸೆಂಬರಿನಿಂದ ಆಕಾಶ ತಿಳಿಯಾಯಿತು. ಜನವರಿಯಲ್ಲಿ ಕಾಯಿ ಕಟ್ಟುವಾಗ ಅಲ್ಲಿ ಚಳಿ ಜೋರು. ಕಾಯಿ ಮೆಣಸಿನ ಕಾಳಿಗಿಂತ ಸ್ವಲ್ಪವೇ ದೊಡ್ಡದಾಗಿ ನಿಂತುಬಿಟ್ಟಿತು. ಗೊಂಚಲು ಬಿಡಿಬಿಡಿಯಾಗಿತ್ತು, ಗಾಳಿ ಒಳಗೆ ಆಡುತ್ತಿತ್ತು. ಇದೆಲ್ಲ ಕಜೆಟನಿಗೆ ಫೋನಿನಲ್ಲಿ ಸಿಕ್ಕಿದ ಸುದ್ದಿ. ಅವನು ಟೀವಿಯಲ್ಲಿ ಹವಾಮಾನ ಬಂದಾಗ ಉಡುಪಿಯನ್ನು ಬಿಟ್ಟು ವಿಜಯಪುರ ನೋಡುತ್ತಿದ್ದ. ರಾತ್ರಿ ಊಟದ ಮೊದಲು ಮಲ್ಲಿನಾಥನಿಗೆ ಫೋನ್. ಅವನ ಕನ್ನಡ ಇವನಿಗೆ ಪೂರ್ತಿ ಹಿಡಿಯುತ್ತಿರಲಿಲ್ಲ, ಇವನ ಕನ್ನಡ ಕೇಳಿ ಅವನು ನಗುತ್ತಿದ್ದ. ಮುಖ ನೋಡದ ಇಬ್ಬರು ಗಂಡಸರು ಎಲೆಯ ಬಣ್ಣದ ಬಗ್ಗೆ ಅರ್ಧ ಗಂಟೆ ಮಾತಾಡುವುದನ್ನು ಕಾನ್ಸೆಪ್ಟಾ ತರಕಾರಿ ಹೆಚ್ಚುತ್ತ ಕೇಳುತ್ತಿದ್ದಳು. ತನ್ನ ಹೆರಿಗೆಯ ದಿನ ಮಳೆಯಿತ್ತೋ ಬಿಸಿಲಿತ್ತೋ ಅವನಿಗೆ ನೆನಪಿರಲಿಕ್ಕಿಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು.

ಹಣ್ಣು ಬಣ್ಣಕ್ಕೆ ತಿರುಗುವ ಹೊತ್ತಿಗೆ ಲಾಕ್‌ಡೌನ್ ಆಯಿತು. ಬಸ್ಸಿಲ್ಲ, ಲಾರಿಯಿಲ್ಲ, ಕೊಯ್ಯುವವರಿಲ್ಲ. ಹಣ್ಣು ಬಳ್ಳಿಯಲ್ಲೇ ನೇತಾಡಿತು. ಏಪ್ರಿಲಿನ ಒಣಗಾಳಿಗೆ ಸಿಪ್ಪೆ ನೆರಿಗೆ ಬಿದ್ದಿತು. ಪಕ್ಷಿಗಳು ತಿಂದವು, ಜೇನ್ನೊಣಗಳು ಮುತ್ತಿದವು. ಉಳಿದದ್ದರಲ್ಲಿ ರಸ ಕಡಿಮೆ, ಸಿಹಿ ಹೆಚ್ಚು. ಪರ್ಕಳದ ಕೋಣೆಯಲ್ಲಿ ಕೆಲಸವಿಲ್ಲದೆ ಸಿಕ್ಕಿಬಿದ್ದಿದ್ದ ಮಲಕಪ್ಪ ಫೋನ್ ಮಾಡಿ, ಕಾಕಾರ, ಈ ಸಲ ಹಣ್ಣು ಬಾಯಾಗಿಟ್ಟರ ತುಟಿಗೆ ತುಟಿ ಅಂಟ್ತಾವಂತ ಎಂದ. ಕಜೆಟನ್ ಆ ರಾತ್ರಿ ಮಲಗಲಿಲ್ಲ.

ಏಪ್ರಿಲ್ ಕೊನೆಗೆ ಪಾಸ್ ಇದ್ದ ಈರುಳ್ಳಿ ಲಾರಿಯೊಂದು ಅದನ್ನು ಪರ್ಕಳಕ್ಕೆ ತಂದು ಇಳಿಸಿತು.

*

"ಪರ್ಕಳದಿಂದ ಹೂಡೆಗೆ ತಂದದ್ದು ನಾನು," ಎಂದು ಡೆನ್ವರ್ ಅಂಗಳದಲ್ಲಿ ಹೇಳುತ್ತಿದ್ದ. ಅವನದು ಮೀನಿನ ಟೆಂಪೊ, ಮನೆ ಪಕ್ಕದಲ್ಲೇ. "ಬೂತಾಯಿ ಇಳಿಸಿ ವಾಪಸು ಬರುವಾಗ ದ್ರಾಕ್ಷಿ ತುಂಬಿಸಿದೆ. ಸಂತೆಕಟ್ಟೆಯಲ್ಲಿ ಪೊಲೀಸ್ ನಿಲ್ಲಿಸಿ, ಎಂತ ಇದು ಕೇಳಿದ. ಕಜೆಟನ್ ಅಂಕಲ್ ಮುಂದೆ ಕೂತಿದ್ದರಲ್ಲ, ಇಗರ್ಜಿ ಕೆಲಸ ಅಂದರು. ಇಗರ್ಜಿ ಬಂದ್ ಉಂಟಲ್ಲ ಅಂತ ಪೊಲೀಸ್. ದೇವರು ಬಂದ್ ಇಲ್ಲ ಅಂತ ಇವರು."

ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರು ನಕ್ಕು, ಹಾಲಿನ ಕಡೆ ನೋಡಿ, ನಗು ನುಂಗಿದರು.

"ಮತ್ತೆ?"

"ಮತ್ತೆಂತ, ಬಿಟ್ಟ. ಒಂದು ಗೊಂಚಲು ಅವನೂ ತೆಗೆದುಕೊಂಡ. ಮೀನು ವಾಸನೆ ಅಂತ ಬೈದ, ಆದರೂ ತಿಂದ."

ಕಜೆಟನನ ವೈನಿನ ಕಡೆಗೆ ಮಾತು ಹೊರಳಿತು. ಕ್ರಿಸ್ಮಸ್ಸಿಗೆ ಕಜೆಟನ್ ಗ್ಲಾಸು ಹಿಡಿದು ಬಂದರೆ ಜನ ಹೇಗೆ ತಪ್ಪಿಸಿಕೊಳ್ಳುತ್ತಿದ್ದರು ಎಂದು ಒಬ್ಬೊಬ್ಬರೇ ಹೇಳಿದರು. ಒಬ್ಬ ಹೂವಿನ ಕುಂಡಕ್ಕೆ ಸುರಿದಿದ್ದ, ಇನ್ನೊಬ್ಬ ಅದಕ್ಕೇ ಸಕ್ಕರೆ ಕಲಸಿ ಕುಡಿದಿದ್ದ. ಒಗರು, ಖಾರ, ಎದೆ ಉರಿ. ಎಲ್ಲರೂ ಎದುರಿಗೆ ಮಾತ್ರ ಫಸ್ಟ್ ಕ್ಲಾಸ್ ಎನ್ನುತ್ತಿದ್ದರು. ಅವನು ನಂಬುತ್ತಿದ್ದನೇ ಎಂದು ಯಾರೋ ಕೇಳಿದರು. ನಂಬುತ್ತಿರಲಿಲ್ಲ, ಆದರೂ ಮುಂದಿನ ವರ್ಷ ಮತ್ತೆ ತರುತ್ತಿದ್ದ ಎಂದು ಡೆನ್ವರ್ ಹೇಳಿದ.

ಮಲಕಪ್ಪ ಪರ್ಕಳದಿಂದ ಎರಡು ಬಸ್ಸು ಬದಲಿಸಿ ಬಂದ. ಚಪ್ಪಲಿ ಗೇಟಿನಲ್ಲೇ ಬಿಟ್ಟು ಒಳಗೆ ಹೋಗಿ ಪೆಟ್ಟಿಗೆಯ ಗಾಜಿಗೆ ಹಣೆ ಮುಟ್ಟಿಸಿದ. ಕಾನ್ಸೆಪ್ಟಾಳ ಕಾಲಿನ ಹತ್ತಿರ ನೆಲದ ಮೇಲೆ ಕೂತ. ಕುರ್ಚಿ ಕೊಟ್ಟರೆ ಬೇಡವೆಂದ.

"ಅಣ್ಣಗ ಫೋನ್ ಹಚ್ಚಿ ಹೇಳಿದ್ನಿರಿ ಅವ್ವಾರ. ಅತ್ತಬಿಟ್ಟ. ಒಮ್ಮೀನೂ ಮುಖ ನೋಡಿಲ್ಲ ನೋಡ್ರಿ, ಆದ್ರೂ ಅತ್ತ."

ಅವಳು ಅವನ ತಲೆಯ ಮೇಲೆ ಕೈ ಇಟ್ಟಳು. ಆಸ್ಟಿನ್ ಬಂದು, ಮಲಕಪ್ಪಾ, ಇವತ್ತು ನಿಮ್ಮ ಹಣ್ಣು ಬಲಿಪೀಠಕ್ಕೆ ಹೋಗ್ತದೆ ಎಂದು ಹೇಳಿ, ಅದರ ಅರ್ಥವೇನೆಂದು ವಿವರಿಸಿದ. ಪೂಜೆಯಲ್ಲಿ ಆ ವೈನ್ ಕ್ರಿಸ್ತನ ರಕ್ತವಾಗುತ್ತದೆ ಎಂದು ತಾವು ನಂಬುವುದನ್ನು ಪ್ಲಂಬಿಂಗ್ ಕೆಲಸದ ಅಂದಾಜು ಹೇಳುವ ದನಿಯಲ್ಲೇ ಹೇಳಿದ. ಮಲಕಪ್ಪ ಕೊರಳಿನ ಲಿಂಗಕ್ಕೆ ಕೈ ಹಚ್ಚಿ ಕೇಳಿಸಿಕೊಂಡ. ಅವನು ಒಂದು ಹನಿಯೂ ಕುಡಿಯುವವನಲ್ಲ, ಆ ವೈನಿನ ರುಚಿ ಅವನಿಗೆ ಗೊತ್ತಿಲ್ಲ.

"ನಮ್ಮ ನಾಲ್ಕ ಸಾಲಿಂದು?" ಎಂದ.

"ಅದೇ."

ಮಲಕಪ್ಪನ ಕಣ್ಣು ತುಂಬಿದ್ದನ್ನು ಕಂಡು ಕಾನ್ಸೆಪ್ಟಾ ಎದ್ದು ಒಳಗೆ ಹೋದಳು.

*

ಸಕ್ಕರೆ ಹಾಕಿದ್ದು ಮೋಸ ಮಾಡಬೇಕೆಂದಲ್ಲ.

ದ್ರಾಕ್ಷಿಯನ್ನು ಮೂರು ಭರಣಿಗಳಿಗೆ ಹಿಚುಕಿ ತುಂಬಿಸಿ ಆಗಿತ್ತು. ಈ ಸಲ ಒಂದು ಹರಳು ಸಕ್ಕರೆಯೂ ಇಲ್ಲ, ಗೋಧಿ ಇಲ್ಲ, ಈಸ್ಟ್ ಇಲ್ಲ, ಬರೀ ದ್ರಾಕ್ಷಿ ಎಂದು ಕಜೆಟನ್ ಹೇಳಿದ್ದ. ಎರಡು ದಿನ ಅವನು ಭರಣಿಗಳ ಪಕ್ಕದಲ್ಲೇ ಇದ್ದ. ಮೂರನೆಯ ದಿನ ಬೆಳಿಗ್ಗೆ, ಬಾಗಿಲು ಮುಚ್ಚಿದ ಇಗರ್ಜಿಯಲ್ಲಿ ಆಗಿನ ವಿಗಾರರು ಒಬ್ಬರೇ ಪೂಜೆ ಮಾಡುವುದಕ್ಕೆ ಸಹಾಯಕ್ಕೆಂದು ಹೋದ.

ಅವಳು ಭರಣಿಗಳ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ನೋಡಿದಳು. ಎರಡು ಭರಣಿಗಳಲ್ಲಿ ಸಣ್ಣಗೆ ಗುಳ್ಳೆ ಏಳುತ್ತಿತ್ತು. ಮೂರನೆಯದು ಸತ್ತ ಹಾಗೆ ಇತ್ತು. ಮೇಲೆ ಸಿಪ್ಪೆಯ ಪದರ ಗಟ್ಟಿಯಾಗಿ ಕೂತು, ಮೂಗಿಗೆ ಒಂದು ಚುರುಕು ವಾಸನೆ. ಇದು ಹೋಯಿತು ಎಂದು ಅವಳಿಗೆ ಅನ್ನಿಸಿತು. ಹಿಂದಿನ ವರ್ಷಗಳಲ್ಲಿ ವಿನೆಗರ್ ಆದಾಗಲೆಲ್ಲ ಅವನು ವಾರಗಟ್ಟಲೆ ಮಾತಿಲ್ಲದೆ ಓಡಾಡಿದ್ದನ್ನು ಅವಳು ಕಂಡಿದ್ದಳು. ಅವಳ ತಾಯಿ ಏಳದ ಭರಣಿಗೆ ಸಕ್ಕರೆ ಹಾಕುತ್ತಿದ್ದಳು, ಅಜ್ಜಿಯೂ ಹಾಗೇ ಮಾಡುತ್ತಿದ್ದಳು. ಮಗುವಿಗೆ ವಾಂತಿಯಾದರೆ ಉಪ್ಪು ಸಕ್ಕರೆ ನೀರು ಕೊಟ್ಟ ಹಾಗೆ. ಅದನ್ನು ಯಾರೂ ಕೂತು ಯೋಚಿಸಿ ಮಾಡುವುದಿಲ್ಲ. ಅವಳ ಕೈ ಡಬ್ಬಕ್ಕೆ ಹೋಯಿತು. ಇಡೀ ಡಬ್ಬ ಸುರಿದು ಮರದ ಸೌಟಿನಿಂದ ಕಲಸಿದಳು. ಬಟ್ಟೆ ಕಟ್ಟಿದ ಮೇಲೆ, ತಾನು ಮಾಡಿದ್ದೇನೆಂದು ಹೊಳೆದು ಅಲ್ಲೇ ಕೂತಳು.

ಸಂಜೆ ಅವನು ಬಂದಾಗ ಮೂರನೆಯ ಭರಣಿ ಉಕ್ಕಿ ನೆಲಕ್ಕೆ ಹರಿದಿತ್ತು. ಗುಲಾಬಿ ನೊರೆ. ಅವನು ಸೈಕಲ್ ಸ್ಟ್ಯಾಂಡ್ ಕೂಡ ಹಾಕಲಿಲ್ಲ.

"ನೋಡು ಕಾನ್ಸೆಪ್ಟಾ. ಎಲ್ಲಕ್ಕಿಂತ ಜೋರು ಇದು. ಬರೀ ದ್ರಾಕ್ಷಿ ಹೀಗೆ ಏಳುವುದು ನೀನು ಕಂಡಿದ್ದೀಯ?"

ಅವನು ನೊರೆಯನ್ನು ಬೆರಳಲ್ಲಿ ತೆಗೆದು ಅವಳ ಬಾಯಿಗೆ ಇಟ್ಟ. ಮದುವೆಯಾಗಿ ನಲವತ್ತು ವರ್ಷಗಳಲ್ಲಿ ಅವನು ಹಾಗೆಲ್ಲ ಮಾಡಿದವನಲ್ಲ. ಅವಳು ಹೇಳಲಿಲ್ಲ. ನಾಳೆ ಹೇಳುವ ಎಂದುಕೊಂಡಳು. ಆ ಒಂದು ಭರಣಿಯನ್ನು ಬೇರೆ ಇಡುವ ಹಾಗೆ ಹೇಗಾದರೂ ಮಾಡುವ ಎಂದುಕೊಂಡಳು. ಹತ್ತು ದಿನ ಕಳೆದು ಅವನು ಹಿಂಡಿ ಸೋಸಿ ಮೂರನ್ನೂ ಒಂದೇ ದೊಡ್ಡ ಜಾಡಿಗೆ ಸುರಿದ. ಆಮೇಲೆ ಬೇರೆ ಮಾಡುವಂಥದ್ದೇನೂ ಉಳಿಯಲಿಲ್ಲ.

ಕಳೆದ ತಿಂಗಳು ಅವನು ಫಾದರರ ಕೈ ಹಿಡಿದು ಕೇಳುವಾಗ ಅವಳು ಮಂಚದ ಈ ಕಡೆ ನಿಂತಿದ್ದಳು. ಫಾದರ್ ಹೋದ ಮೇಲೆ ಅವನು ಅವಳ ಕಡೆ ನೋಡಿ, "ನೀನೇ ಸಾಕ್ಷಿ" ಎಂದ. ಅವಳು ಮಾತ್ರೆ ಕೊಟ್ಟು ನೀರು ಕುಡಿಸಿದಳು.

*

ಹತ್ತು ಗಂಟೆಗೆ ಫಾದರ್ ರಾಯ್‌ಸ್ಟನ್ ಬಂದರು. ಮೂವತ್ತೈದು ದಾಟದ ವಿಗಾರರು, ಬಂದು ಒಂದು ವರ್ಷವಾಗಿತ್ತು. ಪೆಟ್ಟಿಗೆಯ ಮುಂದೆ ಪ್ರಾರ್ಥನೆ ಮುಗಿಸಿ, ಆಸ್ಟಿನ್ ತಂದ ಲೋಟದಿಂದ ಒಂದು ಗುಟುಕು ಕುಡಿದು, ಬಾಯಲ್ಲಿ ಇಟ್ಟುಕೊಂಡರು. ಜನ ಅವರ ಮುಖ ನೋಡುತ್ತ ನಿಂತರು.

"ಕೆಟ್ಟಿಲ್ಲ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ತುಂಬಾ ಚೆನ್ನಾಗುಂಟು," ಎಂದರು. ಅವರ ದನಿಯಲ್ಲಿ ಆಶ್ಚರ್ಯವಿತ್ತು. ಅಂಗಳದವರು ಒಬ್ಬರ ಮುಖ ಒಬ್ಬರು ನೋಡಿದರು.

ಆಮೇಲೆ ಅವರು ಕಾನ್ಸೆಪ್ಟಾಳ ಎದುರು ಕುರ್ಚಿ ಎಳೆದು ಕೂತರು. ಸಾಮಾನ್ಯವಾಗಿ ಹೊರಗಿನದ್ದನ್ನು ತಾನು ಇಡುವುದಿಲ್ಲ, ಕಜೆಟನ್ ಕೇಳಿದ್ದರಿಂದ ಇಡಲು ಮನಸ್ಸಿದೆ, ಜವಾಬ್ದಾರಿ ತನ್ನದು ಎಂದರು.

"ಆದರೆ ಒಂದು ಮಾತು ನೀವು ಹೇಳಬೇಕು ಕಾನ್ಸೆಪ್ಟಾ ಬಾಯಿ. ಇದರಲ್ಲಿ ದ್ರಾಕ್ಷಿ ಬಿಟ್ಟು ಬೇರೆ ಎಂತದೂ ಇಲ್ಲ ಅಲ್ವಾ? ಸಕ್ಕರೆ, ಗೋಧಿ, ಎಂತದೂ?"

ಅವಳು ಬಾಯಿ ತೆರೆದಳು.

"ಸಕ್ರಿ ಯಾಕ ಬೇಕ್ರಿ ಯಪ್ಪಾ," ಎಂದು ನೆಲದಿಂದ ಮಲಕಪ್ಪ ಹೇಳಿದ. "ಆ ವರ್ಷ ಹಣ್ಣ ಸಕ್ರಿ ಆಗಿತ್ತು."

ಆಸ್ಟಿನ್ ತಾಯಿಯ ಹೆಗಲ ಮೇಲೆ ಕೈ ಇಟ್ಟ. "ಸಾಯುವ ಮನುಷ್ಯ ನಿಮ್ಮ ಕೈ ಹಿಡಿದು ಸುಳ್ಳು ಹೇಳ್ತಾನಾ ಫಾದರ್?"

ಕಾನ್ಸೆಪ್ಟಾ ಗಾಜಿನ ಒಳಗಿನ ಮುಖ ನೋಡಿದಳು. ಈಗ ಇದ್ದದ್ದನ್ನು ಹೇಳಿದರೆ ಇಷ್ಟು ಜನರ ಮುಂದೆ ಅವನು ಸುಳ್ಳುಗಾರನಾಗಿ ಮಣ್ಣಿಗೆ ಹೋಗುತ್ತಾನೆ. ಇಲ್ಲ ಎಂದರೆ ಸುಳ್ಳು ತನ್ನದು, ಅದೂ ಬಲಿಪೀಠದ ವಿಷಯದಲ್ಲಿ. ಅವಳ ತಲೆ ತಗ್ಗಿತು. ಅದು ಹೌದು, ಬೇರೇನೂ ಇಲ್ಲ ಎಂಬ ಹಾಗೆ ಕಂಡಿತು. ಫಾದರ್ ಎದ್ದು, ಮೂರೂವರೆಗೆ ಇಲ್ಲಿಂದ ಹೊರಡುವ ಎಂದು ಆಸ್ಟಿನಿಗೆ ಹೇಳಿದರು.

*

ಇಗರ್ಜಿಯಲ್ಲಿ ಶವಪೆಟ್ಟಿಗೆಯನ್ನು ಬಲಿಪೀಠದ ಮೆಟ್ಟಿಲ ಕೆಳಗೆ ಇಟ್ಟಾಗ ಪೂಜೆಗೆ ಇನ್ನೂ ಸಮಯವಿತ್ತು. ಜನ ಸಾಲಿನಲ್ಲಿ ಬಂದು ತೀರ್ಥ ಚಿಮುಕಿಸಿ ಹೋಗುತ್ತಿದ್ದರು. ಕಜೆಟನನ ಜಾಗಕ್ಕೆ ಬಂದ ಹೊಸ ಮಿರ್ನೆಲ್ ಮೇಲೆ ಹೋಗಿ ಸಾವಿನ ಗಂಟೆ ಹೊಡೆಯುತ್ತಿದ್ದ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಬಹಳ ಅಂತರ. ಫಾದರ್ ಬಾಗಿಲ ಹತ್ತಿರ, ಪರವೂರಿನಿಂದ ಬಂದ ಇಬ್ಬರು ಗುರುಗಳನ್ನು ಮಾತಾಡಿಸುತ್ತಿದ್ದರು.

ಕಾನ್ಸೆಪ್ಟಾ ಎದ್ದು ಪಕ್ಕದಲ್ಲಿ ಪೂಜೆಯ ಸಾಮಾನು ಇಡುವ ಸಾಕ್ರಿಸ್ತಿಗೆ ಹೋದಳು. ಯಾರೂ ತಡೆಯಲಿಲ್ಲ. ಬಲಿಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ಆ ಕೋಣೆಗೆ ತಂದಿಡುತ್ತಿದ್ದವಳು ಅವಳೇ. ಗಂಡನ ಪೂಜೆಯ ಬಟ್ಟೆ ಸರಿ ಮಾಡಲು ಹೋದಳು ಎಂದು ಇಮೆಲ್ಡಾ ಪಕ್ಕದವಳಿಗೆ ಹೇಳಿದಳು.

ಮೇಜಿನ ಮೇಲೆ ಎರಡು ಗಾಜಿನ ಹೂಜಿಗಳಿದ್ದವು. ಒಂದರಲ್ಲಿ ನೀರು, ಒಂದರಲ್ಲಿ ಕಜೆಟನನ ವೈನ್. ಕಿಟಕಿಯ ಬಿಸಿಲು ಅದರೊಳಗೆ ಹೋಗಿ ಅರ್ಧಕ್ಕೇ ನಿಂತಿತ್ತು. ಇಗರ್ಜಿಯ ವೈನ್ ಎಡಗಡೆಯ ಕಪಾಟಿನಲ್ಲಿ ಇರುತ್ತದೆಂದು ಅವಳಿಗೆ ಗೊತ್ತು.

ಕಜೆಟನನ ವೈನನ್ನು ಎಲ್ಲಿ ಸುರಿಯುವುದು? ಮೂಲೆಯಲ್ಲಿ ತೊಟ್ಟಿಯಿತ್ತು. ಅವಳು ಹೂಜಿಯನ್ನು ಅದರ ಮೇಲೆ ಹಿಡಿದಳು. ಕೈ ಬಾಗಲಿಲ್ಲ. ಹೂವಿನ ಕುಂಡಕ್ಕೆ ಸುರಿದವರ ಸಾಲಿನಲ್ಲಿ ತಾನೂ ನಿಲ್ಲುವುದೇ ಎಂದೆನಿಸಿತು. ಪೂಜೆಯಲ್ಲಿ ರೊಟ್ಟಿಯ ಪರಮಪ್ರಸಾದ ತೆಗೆದುಕೊಳ್ಳುವವರು ಅದಕ್ಕೆ ಮುಂಚಿನ ಒಂದು ಗಂಟೆ ನೀರು, ಔಷಧ ಬಿಟ್ಟು ಬೇರೇನೂ ಬಾಯಿಗೆ ಹಾಕಬಾರದು. ಮೊದಲ ಪರಮಪ್ರಸಾದದ ದಿನದಿಂದ ಅವಳು ಅದನ್ನು ಒಮ್ಮೆಯೂ ಮುರಿದವಳಲ್ಲ. ಗಂಟೆ ಇನ್ನೊಂದು ಪೆಟ್ಟು ಹೊಡೆಯಿತು. ಅವಳು ಹೂಜಿಯನ್ನು ಎತ್ತಿ ಕುಡಿದಳು.

ಇಷ್ಟು ವರ್ಷ ಅವಳೂ ನಾಲಿಗೆ ತುದಿಯಲ್ಲಿ ಮುಟ್ಟಿ ಫಸ್ಟ್ ಕ್ಲಾಸ್ ಎಂದವಳೇ. ಮೊದಲು ಬಂದದ್ದು ನೇರಳೆ ಹಣ್ಣು ತಿಂದಾಗ ಬರುವ ಒಗರು, ನಾಲಿಗೆಯನ್ನು ಎರಡೂ ಬದಿಯಿಂದ ಹಿಡಿಯಿತು. ಅದರ ಹಿಂದೆ ಕಾಳುಮೆಣಸಿನ ಬಿಸಿ. ಅವಳು ನಿಂತಲ್ಲೇ ಕಾದಳು. ಒಗರು ಬಿಡುತ್ತ ಬಂದು, ಒಣಗಿದ ಹಣ್ಣಿನ, ಬಿಸಿಲಿಗೆ ಕಾದ ಮಣ್ಣಿನ, ತಾನು ಕಾಣದ ಯಾವುದೋ ಊರಿನ ಏಪ್ರಿಲಿನ ರುಚಿ ಗಂಟಲಲ್ಲಿ ಉಳಿಯಿತು. ಬಹಳ ಹೊತ್ತು ಉಳಿಯಿತು. ಇನ್ನೊಂದು ಗುಟುಕು ತೆಗೆದುಕೊಂಡಳು. ಸಿಹಿಯನ್ನು ಹುಡುಕಿದಳು. ಇರಲಿಲ್ಲ. ಇಡೀ ಡಬ್ಬ ಸಕ್ಕರೆ ಎಲ್ಲೂ ಇರಲಿಲ್ಲ, ಹುಳಿಯುವಾಗ ಎಲ್ಲವೂ ಹೋಗಿತ್ತು. ಇದನ್ನು ಕುಡಿದು ಯಾರೂ ಕಂಡುಹಿಡಿಯಲಾರರು. ಫಾದರ್ ಕಂಡುಹಿಡಿಯಲಿಲ್ಲ. ಕಜೆಟನ್ ಆರು ವರ್ಷ ಕುಡಿದು ಕಂಡುಹಿಡಿಯಲಿಲ್ಲ.

ಹೂಜಿಯಲ್ಲಿ ಇನ್ನೂ ಅರ್ಧ ಇತ್ತು. ಅದನ್ನು ಹಾಗೇ ಇಟ್ಟು ಹೋಗಬಹುದಿತ್ತು. ಅವಳು ಅದನ್ನೂ ಕುಡಿದಳು. ಹೂಜಿ ತೊಳೆದು, ಒರೆಸಿ, ಕಪಾಟು ತೆರೆದು ಇಗರ್ಜಿಯ ವೈನ್ ತುಂಬಿಸಿದಳು. ಅದು ತೆಳು ಕೆಂಪು. ದೂರದಿಂದ ನೋಡುವವರಿಗೆ ವ್ಯತ್ಯಾಸ ತಿಳಿಯದು.

*

ಪ್ರವಚನದಲ್ಲಿ ಫಾದರ್ ಕಜೆಟನನ ವೈನಿನ ಬಗ್ಗೆ ಹೇಳಿದರು. ವಿಜಯಪುರದ ಮಳೆ, ಚಳಿ, ಲಾಕ್‌ಡೌನ್, ಮೀನಿನ ಟೆಂಪೊ ಎಲ್ಲ ಬಂತು. ತನ್ನ ಟೆಂಪೊ ಬಂದಾಗ ಡೆನ್ವರ್ ತಲೆ ತಗ್ಗಿಸಿದ. ಊರಿನ ಬೇರೆ ಧರ್ಮದವರೆಲ್ಲ ಹೊರಗೆ ಮಂಟಪದಲ್ಲಿ ನಿಂತಿದ್ದರು. ಮಲಕಪ್ಪನೊಬ್ಬ, ಒಳಗ ಕೂಡಬಹುದೇನ್ರಿ ಎಂದು ಆಸ್ಟಿನನ್ನು ಕೇಳಿ ಕೊನೆಯ ಬೆಂಚಿನಲ್ಲಿ ಕೂತಿದ್ದ.

ಪಾನಪಾತ್ರೆಯನ್ನು ಎತ್ತಿದಾಗ ಗ್ಯಾಸ್ ಹಚ್ಚಿದ ಹಾಗೆ ಸದ್ದೊಂದು ಕೇಳಿತು. ಆಸ್ಟಿನ್ ಅಳು ಬಿಗಿಹಿಡಿದದ್ದು. ಕಾನ್ಸೆಪ್ಟಾ ತಿರುಗಿ ನೋಡಿದಳು. ಹಿಂದೆ ಮಲಕಪ್ಪ ಎರಡೂ ಕೈ ತಲೆಯ ಮೇಲೆತ್ತಿ ಮುಗಿಯುತ್ತಿದ್ದ.

ಪರಮಪ್ರಸಾದಕ್ಕೆ ಬೆಂಚುಗಳು ಒಂದೊಂದಾಗಿ ಎದ್ದವು. ಆಸ್ಟಿನ್ ಎದ್ದ, ಇಮೆಲ್ಡಾ ಎದ್ದಳು.

"ಅತ್ತಿಗೆ, ಬನ್ನಿ. ನೀವು ಮೊದಲು."

ಕಾನ್ಸೆಪ್ಟಾ ತಲೆಯಾಡಿಸಿದಳು. ಇಮೆಲ್ಡಾ ತೋಳು ಹಿಡಿದು ಎತ್ತಲು ನೋಡಿದಳು. ಅವಳು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. ಹಿಂದಿನ ಬೆಂಚಿನ ಹೆಂಗಸರು ದಾಟಿಹೋಗುವಾಗ ಅವಳನ್ನು ನೋಡಿದರು, ಒಬ್ಬರಿಗೊಬ್ಬರು ಏನೋ ಹೇಳಿದರು. ಗಂಡನ ಪೂಜೆಯಲ್ಲಿ ಹೆಂಡತಿ ಪ್ರಸಾದ ತೆಗೆದುಕೊಳ್ಳದಿರುವುದನ್ನು ಈ ಇಗರ್ಜಿಯಲ್ಲಿ ಯಾರೂ ಕಂಡಿರಲಿಲ್ಲ.

ಅವಳಿಗೆ ನಡೆಯಲು ತ್ರಾಣವಿಲ್ಲ ಎಂದುಕೊಂಡು ಫಾದರ್ ಮೆಟ್ಟಿಲಿಳಿದು ಅವಳ ಹತ್ತಿರವೇ ಬಂದರು. ರೊಟ್ಟಿಯ ತೆಳು ಬಿಲ್ಲೆಯನ್ನು ಅವಳ ಮುಖದ ಮುಂದೆ ಹಿಡಿದರು. ಅವಳು ತುಟಿ ಬಿಗಿದು ಅವರನ್ನು ನೋಡಿದಳು. ತುಟಿಯ ಗೆರೆಯುದ್ದಕ್ಕೂ ಕಪ್ಪು ನೇರಳೆ ಬಣ್ಣ ಹಿಡಿದಿತ್ತು. ಫಾದರರ ಕಣ್ಣು ಅಲ್ಲಿ ನಿಂತಿತು. ತಾವು ಪಾತ್ರೆಗೆ ಸುರಿದದ್ದು ತೆಳು ಕೆಂಪಾಗಿತ್ತೆಂದು ಅವರಿಗೆ ಆಗ ನೆನಪಾಗಿರಬೇಕು. ಅವರು ಬಿಲ್ಲೆಯನ್ನು ಕೆಳಗಿಳಿಸಿ, ಇನ್ನೊಂದು ಕೈಯನ್ನು ಅವಳ ತಲೆಯ ಮೇಲೆ ಒಂದು ಕ್ಷಣ ಇಟ್ಟು, ಸಾಲಿನ ಕಡೆಗೆ ಹೋದರು.

ಬೆಂಚುಗಳು ಖಾಲಿಯಾದವು. ಜನ ನಡುವಿನ ದಾರಿಯಲ್ಲಿ ಒತ್ತಾಗಿ ನಿಂತಿದ್ದರು, ಹಾಡು ನಡೆಯುತ್ತಿತ್ತು. ಎರಡೂ ಬದಿಯ ಸಾಲು ಸಾಲು ಮರದ ಬೆಂಚುಗಳಲ್ಲಿ ಕೂತಿದ್ದವರು ಇಬ್ಬರೇ. ಕೊನೆಯದರಲ್ಲಿ ಮಲಕಪ್ಪ. ಮೊದಲನೆಯದರಲ್ಲಿ ಕಾನ್ಸೆಪ್ಟಾ, ಬಾಯಿ ಮುಚ್ಚಿಕೊಂಡು.